ಬಸ್ಸಿನಲ್ಲಿ ಬರುತ್ತಿದ್ದ ಸಮುದ್ರ

ನನ್ನ ಸೋದರಮಾವನಷ್ಟು ಸಮುದ್ರವನ್ನು ಅರೆದು ಕುಡಿದವರು ಪುತ್ತೂರು, ಸುಳ್ಯ, ಕಡಬದ ಕಡೆ ಇನ್ನೊಬ್ಬರಿರಲಿಲ್ಲ. ಇರುವುದಾದರೂ ಹೇಗೆ? ಈ ಮೂರು ಊರುಗಳಲ್ಲಿ ಎಲ್ಲಿ ನಿಂತು ಎಷ್ಟು ಕತ್ತು ಉದ್ದ ಮಾಡಿದರೂ ಸಮುದ್ರ ಕಾಣುವುದಿಲ್ಲ! ನಮ್ಮ ಕಡೆಯವರಿಗೆ ಆಗ ಸಮುದ್ರವೆಂದರೆ ಒಣಮೀನಿನ ಗೋಣಿ ಬರುವ ದಿಕ್ಕು, ಅಷ್ಟೇ. ಅಂಥ ಕಡೆ ಕುಳಿತು ಮಾವ ಮೂರು ಹೊತ್ತೂ ಸಮುದ್ರದ ಮಾತಾಡುತ್ತಿದ್ದರು. ತಿಮಿಂಗಿಲ, ಹಡಗು, ಮುತ್ತು, ಹವಳ ಎಂದಿದ್ದರೆ ಯಾರಾದರೂ ಕಿವಿಗೊಡುತ್ತಿದ್ದರೇನೋ. ಮಾವನ ತಲೆ ಕೆಟ್ಟದ್ದು ಅಕ್ಕಿನುಚ್ಚಿನಷ್ಟು ಗಾತ್ರದ ಪ್ರಾಣಿಗಳ ಮೇಲೆ. ಆ ನುಚ್ಚು ತನಗಿಂತ ಸಣ್ಣ ನುಚ್ಚನ್ನು ಹೇಗೆ ಹುಡುಕುತ್ತದೆ, ಯಾವುದನ್ನು ಆರಿಸುತ್ತದೆ, ಹೇಗೆ ಹಿಡಿದು ನುಂಗುತ್ತದೆ ಎಂಬುದನ್ನು ಬಿಟ್ಟರೆ ಈ ಲೋಕದಲ್ಲಿ ತಿಳಿಯಬೇಕಾದ ವಿಷಯವೇ ಇಲ್ಲ ಎಂದು ಅವರ ನಂಬಿಕೆ.

ಇದೇ ಮಹಾನುಭಾವರು ನನ್ನ ಮದುವೆಯನ್ನು ಒಂದು ಚೊಂಬು ನೀರಿನಲ್ಲಿ ಮುಳುಗಿಸಿದರು. ಆ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಡೆಯಿರಿ. ಮೊದಲು ಮನುಷ್ಯನನ್ನು ನೋಡಿ.

ನಾನು ಹೇಳುತ್ತಿರುವುದು ಐವತ್ತರ ದಶಕದ ಕೊನೆ, ಅರವತ್ತರ ಶುರುವಿನ ಮಾತು. ಮಾವ ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮದುವೆ ಮಾಡಿಕೊಂಡಿರಲಿಲ್ಲ. ಅಮ್ಮನ ಅಣ್ಣನಾದ್ದರಿಂದ ಊಟ, ವಾಸ, ಬೈಗುಳ ಮೂರೂ ನಮ್ಮ ಮನೆಯಲ್ಲೇ. ಹಿಂದೆ ಮದ್ರಾಸಿನಲ್ಲಿ ಓದುವಾಗ ಯಾರೋ ಪ್ರೊಫೆಸರರು ಒಂದು ಹನಿ ಸಮುದ್ರದ ನೀರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ತೋರಿಸಿದರಂತೆ. ಅಲ್ಲಿಗೆ ಮುಗಿಯಿತು. ಬೇರೆಯವರ ಮನೆ ಹುಡುಗರು ಮದ್ರಾಸಿನಿಂದ ಕ್ರಾಪು, ಸಿಗರೇಟು, ಟಸ್ಸುಪುಸ್ಸು ಇಂಗ್ಲಿಷು ತಂದರು. ನಮ್ಮವರು ತಂದದ್ದು ಒಂದು ಹಳೆಯ ಮೈಕ್ರೋಸ್ಕೋಪು ಮತ್ತು ಆ ಒಂದು ಹನಿಯ ಹುಚ್ಚು.

ಸರಿ, ಹುಚ್ಚು ಹಿಡಿದವರು ಮಂಗಳೂರಿಗೆ ಹೋಗಿ ಸಮುದ್ರದ ದಡದಲ್ಲಿ ಕೂರಬಹುದಿತ್ತಲ್ಲ? ಅದಾಗುವ ಹಾಗಿರಲಿಲ್ಲ. ಮಾವನಿಗೆ ಬಸ್ಸು ಹತ್ತಿದರೆ ವಾಂತಿ. ಪಾಣೆಮಂಗಳೂರಿನ ಸೇತುವೆ ಸಿಗುವ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮಂಗಳೂರು ತಲುಪುವಾಗ ಹೊಟ್ಟೆಯೇ ಉಳಿಯುತ್ತಿರಲಿಲ್ಲ. ಆ ಮದ್ರಾಸಿನಿಂದ ಬಂದಿಳಿದ ದಿನವೇ ಇನ್ನು ಬಸ್ಸು ಹತ್ತುವುದಿಲ್ಲ ಎಂದು ಶಪಥ ಮಾಡಿದ್ದರಂತೆ. ತಮಾಷೆ ನೋಡಿ, ನನ್ನ ಅಪ್ಪ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಏಜೆಂಟರು! ಊರಿಗೆಲ್ಲ ಟಿಕೆಟು ಕೊಡುವವರ ಮನೆಯಲ್ಲಿ, ಬಸ್ಸಿನ ಹೆಸರೆತ್ತಿದರೆ ನಿಂಬೆಹಣ್ಣು ಮೂಸುವ ಭಾವ!

ತಾನು ಸಮುದ್ರದ ಬಳಿಗೆ ಹೋಗಲಾರೆನಾದರೆ ಸಮುದ್ರವೇ ತನ್ನ ಬಳಿಗೆ ಬರಲಿ ಎಂದು ಮಾವ ತೀರ್ಮಾನಿಸಿದರು. ಮಂಗಳೂರಿನ ಬಂದರಿನಲ್ಲಿ ಅವರ ಹಳೆಯ ಶಿಷ್ಯನೊಬ್ಬ ಗುಮಾಸ್ತನಾಗಿದ್ದ. ಪಾಪ, ಎಂದೋ ಒಮ್ಮೆ ಮಾವನಿಂದ ಪಾಠ ಹೇಳಿಸಿಕೊಂಡ ತಪ್ಪಿಗೆ ಅವನು ವಾರಕ್ಕೊಮ್ಮೆ ಮೀನುಗಾರರ ದೋಣಿ ಹತ್ತಿ, ತೆಳ್ಳಗಿನ ಮಲ್ಲಿನ ಬಟ್ಟೆಯ ಚೀಲವನ್ನು ನೀರಿನಲ್ಲಿ ಎಳೆದು, ಅದರಲ್ಲಿ ಸಿಕ್ಕಿದ್ದನ್ನೆಲ್ಲ ಮಣ್ಣಿನ ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅಪ್ಪನ ಬಸ್ಸಿನಲ್ಲಿ ಕಳಿಸಬೇಕಿತ್ತು. ಮಡಕೆ ಡ್ರೈವರನ ಸೀಟಿನ ಹಿಂದೆ ಮಹಾರಾಜರ ಹಾಗೆ ಕುಳಿತು ಬರುತ್ತಿತ್ತು. ಬಸ್ಸು ನಿಂತ ಕೂಡಲೇ ಕಂಡಕ್ಟರು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗುತ್ತಿದ್ದ:

"ಏಜೆಂಟ್ರೆ, ನಿಮ್ಮ ಭಾವನ ಸಮುದ್ರ ಬಂದುಂಟು! ಬೇಗ ಇಳಿಸ್ಕೊಳ್ಳಿ ಮಾರಾಯ್ರೆ, ಸುಳ್ಯಕ್ಕೆ ಲೇಟಾಗ್ತದೆ!"

ಒಮ್ಮೆ ದಾರಿಯಲ್ಲಿ ಮಾಣಿ ಎಂಬ ಊರಿನ ತಿರುವಿನಲ್ಲಿ ಮಡಕೆ ತುಳುಕಿ ಜಾಲ್ಸೂರಿನ ಒಬ್ಬ ಹೆಂಗಸಿನ ಸೀರೆ ಒದ್ದೆಯಾಯಿತಂತೆ. "ಎಂತದಿದು? ಯಾರ ಮಡಕೆ?" ಎಂದು ಅವರು ಜಗಳಕ್ಕೇ ನಿಂತರು. ಕಂಡಕ್ಟರು ಕೈಮುಗಿದು, "ಅದು ಸಮುದ್ರ ಅಮ್ಮ. ಅಲೆ ಬಂದದ್ದಕ್ಕೆ ನಾನೆಂತ ಮಾಡುದು?" ಎಂದನಂತೆ.

ಮಡಕೆ ಮನೆಗೆ ಬಂತೆಂದರೆ ಜಗಲಿಯಲ್ಲಿ ಪೂಜೆ ಶುರು. ಕಪ್ಪು ಸ್ಲೇಟಿನ ಮೇಲೆ ಗಾಜಿನ ತಟ್ಟೆ, ತಟ್ಟೆಯಲ್ಲಿ ಸಮುದ್ರ, ಸಮುದ್ರದ ಮೇಲೆ ಮಾವನ ಮೂಗು. ದಾರಿಯ ಬಿಸಿಲಿಗೆ, ಕುಲುಕಾಟಕ್ಕೆ ಮುಕ್ಕಾಲು ಪಾಲು ಸತ್ತಿರುತ್ತಿದ್ದವು. ಉಳಿದ ಬಡಪಾಯಿಗಳನ್ನು ನನಗೆ ಬಲವಂತವಾಗಿ ತೋರಿಸುತ್ತಿದ್ದರು. ಬೇಡವೆಂದರೂ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ನಾನೊಬ್ಬಳೇ ಯಾಕೆ ಅನುಭವಿಸಬೇಕು?

ಆ ತಟ್ಟೆಯಲ್ಲಿ ಮೂರು ಬಗೆಯ ಬೇಟೆಗಾರರಿದ್ದರು. ಹೆಸರೆಲ್ಲ ಮಾವನೇ ಇಟ್ಟದ್ದು. ಮೊದಲನೆಯದು ಬಾಣಹುಳ. ಗಾಜಿನ ದಬ್ಬಣದ ಹಾಗೆ ಪಾರದರ್ಶಕ. ಸತ್ತ ಹಾಗೆ ನೀರಿನಲ್ಲಿ ನಿಂತಿರುತ್ತದೆ. ಅದು ಕಣ್ಣಿನಿಂದ ಬೇಟೆಯಾಡುವುದಿಲ್ಲ. ಹತ್ತಿರದಲ್ಲಿ ಏನಾದರೂ ಪಟಪಟ ಅಲುಗಿದರೆ ನೀರಿನ ಆ ನಡುಕ ಅದರ ಮೈಗೆ ತಿಳಿಯುತ್ತದೆ. ತಿಳಿದದ್ದೇ ಬಾಣದ ಹಾಗೆ ಹಾರಿ ಬಾಯ ಕೊಕ್ಕೆಗಳಿಂದ ಹಿಡಿದು ಇಡಿಯಾಗಿ ನುಂಗುತ್ತದೆ. ಎರಡನೆಯದು ಕಡಲನೆಲ್ಲಿ. ನೆಲ್ಲಿಕಾಯಿಯಂಥ ಲೋಳೆಯ ಉಂಡೆ. ಎರಡು ಉದ್ದನೆಯ ಅಂಟು ದಾರಗಳನ್ನು ಇಳಿಬಿಟ್ಟು ಏನೂ ಅರಿಯದ ಹಾಗೆ ತೇಲುತ್ತಿರುತ್ತದೆ. ದಾರಿಯಲ್ಲಿ ಹೋಗುವವರು ತಾವಾಗಿ ಬಂದು ಅಂಟಿಕೊಂಡರೆ ನಿಧಾನವಾಗಿ ದಾರ ಸುತ್ತಿಕೊಳ್ಳುತ್ತದೆ. ಮೂರನೆಯದು ಹುಟ್ಟುಗಾಲಿ, ದೋಣಿಯ ಹುಟ್ಟಿನಂಥ ಕಾಲುಗಳ, ಜೀರಿಗೆಗಿಂತ ಸಣ್ಣ ಜೀವ. ಇದು ಎಲ್ಲಿಗೂ ಹೋಗುವುದಿಲ್ಲ. ಬಾಯಿಯ ಸುತ್ತಲಿನ ಸಣ್ಣ ಕಾಲುಗಳನ್ನು ಬಡಿದು ನೀರನ್ನೇ ತನ್ನ ಕಡೆ ಹರಿಸಿಕೊಳ್ಳುತ್ತದೆ. ಬಂದದ್ದನ್ನೆಲ್ಲ ಹಿಡಿದು ರುಚಿ ನೋಡುತ್ತದೆ, ಹಿಡಿಸಿದರೆ ನುಂಗುತ್ತದೆ, ಹಿಡಿಸದಿದ್ದರೆ ಒದ್ದು ಆಚೆ ತಳ್ಳುತ್ತದೆ. ಬಾಣಹುಳಕ್ಕೆ ಈ ಹುಟ್ಟುಗಾಲಿಯೆಂದರೆ ಪಂಚಪ್ರಾಣ, ಊಟದ ಅರ್ಥದಲ್ಲಿ.

ಇಷ್ಟನ್ನು ತಟ್ಟೆಯಲ್ಲೇ ಬಿಟ್ಟಿದ್ದರೆ ಮಾವ ಒಳ್ಳೆಯ ಹೆಸರಿನಲ್ಲಿ ಸಾಯಬಹುದಿತ್ತು. ಆದರೆ ಅವರು ಇಡೀ ಪುತ್ತೂರನ್ನು ತಟ್ಟೆಗೆ ಹಾಕಿ ನೋಡಲು ಹೊರಟರು! ಕೋರ್ಟಿನ ಎದುರು ಮೇಜು ಹಾಕಿ ಕೂರುತ್ತಿದ್ದ ವಕೀಲರು ಕಡಲನೆಲ್ಲಿಗಳು. ಅಜ್ಜಾವರದಿಂದ ಗಡಿಜಗಳದ ಒಬ್ಬ ಬಸ್ಸಿಳಿದರೆ ಸಾಕು, "ಅಂಟಿದ! ಅಂಟಿದ!" ಎಂದು ಮಾವ ರಸ್ತೆಯಲ್ಲೇ ಕೂಗುತ್ತಿದ್ದರು. ಹೊತ್ತು ಮೂರಾದ ಕೂಡಲೇ ಗೋಳಿಬಜೆಯ ಎಣ್ಣೆ ಕಾಯಿಸಿ ಪರಿಮಳವನ್ನು ಬೀದಿಗೆ ಬಿಡುತ್ತಿದ್ದ ಹೋಟೆಲಿನ ಯಜಮಾನರು ಹುಟ್ಟುಗಾಲಿ. ಕೂತಲ್ಲೇ ಕೂತು ಜನರನ್ನು ಹರಿಸಿಕೊಳ್ಳುತ್ತಾರಲ್ಲ! ಬಾಣಹುಳ ಯಾರು ಗೊತ್ತೇ? ಅಮ್ಮ. ಈ ಒಂದು ವಿಷಯದಲ್ಲಿ ಮಾತ್ರ ಮಾವ ನೂರಕ್ಕೆ ನೂರು ಸರಿ. ಅಮ್ಮ ಅಡುಗೆಮನೆಯ ಮೂಲೆಯಲ್ಲಿ ತರಕಾರಿ ಹೆಚ್ಚುತ್ತ ಕೂತರೆ ಮನೆ ಬಿದ್ದರೂ ತಿರುಗಿ ನೋಡುವವರಲ್ಲ. ಆದರೆ ಉಗ್ರಾಣದಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳ ಒಂದಿಷ್ಟು ಅಲುಗಲಿ, ಮರುಕ್ಷಣ ನನ್ನ ಕಿವಿ ಅವರ ಕೈಯಲ್ಲಿ!

ಶಾಲೆಯವರಾದರೂ ನೆಮ್ಮದಿಯಾಗಿದ್ದರೇ? ಒಂದು ವರ್ಷ ಇನ್‌ಸ್ಪೆಕ್ಟರು ತನಿಖೆಗೆ ಬಂದರು. ಮಕ್ಕಳು ಹೆದರಿದ್ದಾರೆಂದು ಮಾವ ಒಂದು ದಿವ್ಯ ಉಪದೇಶ ಮಾಡಿದ್ದರು: "ಹೆದರ್ಲಿಕ್ಕೆ ಎಂತ ಉಂಟು? ಅಲುಗಿದವನನ್ನೇ ಅವರು ಹಿಡಿಯುದು. ಅಲುಗಬೇಡಿ, ಅಷ್ಟೆ." ಇನ್‌ಸ್ಪೆಕ್ಟರು ತರಗತಿಗೆ ಬಂದರೆ ಮಕ್ಕಳೆಲ್ಲ ಕಲ್ಲಿನ ಗೊಂಬೆಗಳು. ಕಣ್ಣು ಮಿಟುಕಿಸುವವರಿಲ್ಲ, ನೊಣ ಓಡಿಸುವವರಿಲ್ಲ. ಅವರು ಆ ಸಾಲಿನಿಂದ ಈ ಸಾಲಿಗೆ ನೋಡಿದರು. ಇಡೀ ಕೋಣೆಯಲ್ಲಿ ಅಲುಗುತ್ತಿದ್ದದ್ದು ಒಂದೇ ಒಂದು ವಸ್ತು: ಬಾಗಿಲ ಬಳಿ ಗಡಗಡ ನಡುಗುತ್ತ ನಿಂತಿದ್ದ ಹೆಡ್‌ಮಾಸ್ಟರು. "ನೀವೇ ಹೇಳಿ, ಆಮ್ಲಜನಕ ತಯಾರಿಸುವುದು ಹೇಗೆ?" ಎಂದು ಇನ್‌ಸ್ಪೆಕ್ಟರು ಅವರನ್ನೇ ಕೇಳಿಬಿಟ್ಟರು. ಹೆಡ್‌ಮಾಸ್ಟರು ಇತಿಹಾಸದ ಪದವೀಧರರು. ಆಮೇಲೆ ಅವರು ಮಾವನ ಜೊತೆ ಮಾತು ಬಿಟ್ಟದ್ದಕ್ಕೆ ನನಗೆ ಯಾವ ಆಶ್ಚರ್ಯವೂ ಇಲ್ಲ.

ಇನ್ನು ನನ್ನ ಕೂದಲಿನ ಕಥೆ. ಬಾಣಹುಳಕ್ಕೆ ಬೇಕಾದದ್ದು ಬೇಟೆಯೋ, ಬೇಟೆಯ ನಡುಕವೋ ಎಂದು ಮಾವನಿಗೆ ಪರೀಕ್ಷಿಸಬೇಕಿತ್ತು. ತಟ್ಟಿದರೆ ಗುಂಯ್ ಎನ್ನುವ ಉಕ್ಕಿನ ಟ್ಯೂನಿಂಗ್ ಫೋರ್ಕನ್ನು ಶಾಲೆಯಿಂದ ತಂದರು. ಅದರ ತುದಿಗೆ ಒಂದು ಕೂದಲು ಅಂಟಿಸಿ ನೀರಿನಲ್ಲಿ ಅದ್ದಿದರೆ ಕೂದಲು ನಡುಗಬೇಕು. ಸರಿ, ಕೂದಲು ಯಾರದ್ದು? ಮಾವನ ತಲೆ ಆಗಲೇ ಬಯಲು. ಅಮ್ಮನ ತಲೆಗೆ ಕೈ ಹಾಕುವ ಧೈರ್ಯ ಯಮನಿಗೂ ಇರಲಿಲ್ಲ. ಉಳಿದವಳು ನಾನು. ಬಗ್ಗಿ ಕಸ ಗುಡಿಸುತ್ತಿದ್ದರೆ ಹಿಂದಿನಿಂದ ಚುರ್ ಎನ್ನುವುದು! "ಅಯ್ಯೋ ಮಾವ!" ಎಂದು ಕಿರುಚಿ ತಿರುಗಿದರೆ ಆಗಲೇ ಅವರು ಜಗಲಿಯಲ್ಲಿ.

ಒಂದು ದಿನ ಅಲ್ಲಿಂದ ಕೂಗು ಕೇಳಿತು. "ಬಂತು! ಬಂತು! ಬಾ ಮಾರಾಯ್ತಿ, ಬೇಗ!" ಓಡಿ ನೋಡಿದರೆ ಬಾಣಹುಳ ನನ್ನ ಕೂದಲನ್ನು ಕಚ್ಚಿ ನೇತಾಡುತ್ತಿತ್ತು. ತಟ್ಟದೆ ಸುಮ್ಮನೆ ಇಳಿಬಿಟ್ಟರೆ ಮೂಸಿಯೂ ನೋಡದ ಹುಳ, ನಡುಕ ಬಂದದ್ದೇ ಕೂದಲನ್ನು ಊಟವೆಂದು ನಂಬಿಬಿಟ್ಟಿತ್ತು. ಮಾವನ ಕಣ್ಣಲ್ಲಿ ನೀರು. "ಲೋಕದಲ್ಲಿ ಇದನ್ನು ಬೇರೆ ಯಾರಾದ್ರೂ ನೋಡಿದ್ದಾರೋ ಇಲ್ಲವೋ!" ಎಂದರು. ನಾನು ಕೂದಲ ಬುಡ ತಿಕ್ಕಿಕೊಳ್ಳುತ್ತ, "ನೋಡಿದವರ ಸೊಸೆಯಂದಿರು ಬೋಳಾಗಿರಬೇಕು" ಎಂದೆ.

ಇಂಥ ಮನೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಮಂಗಳೂರಿನಲ್ಲಿ ಟೀಚರ್ಸ್ ಟ್ರೈನಿಂಗಿಗೆ ಸೀಟೂ ಸಿಕ್ಕಿತು. ನನಗೆ ಟೀಚರಾಗಬೇಕಿತ್ತು. ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಲಗೆಯ ಎದುರು ನಿಲ್ಲಬೇಕು, ನನ್ನದೇ ಸಂಬಳ ಇರಬೇಕು ಎಂದು ಎಷ್ಟು ಆಸೆಯಿತ್ತೆಂದರೆ ಆ ಆಸೆಯನ್ನು ಯಾರೆದುರೂ ಬಾಯಿಬಿಟ್ಟು ಹೇಳಲು ಹೆದರುತ್ತಿದ್ದೆ.

ಅಷ್ಟರಲ್ಲಿ ಅಪ್ಪ ಒಂದು ಸಂಜೆ ಹಿಗ್ಗೋ ಹೆದರಿಕೆಯೋ ತಿಳಿಯದ ಮುಖ ಹೊತ್ತು ಬಂದರು. ನಾನು ಅಡುಗೆಮನೆಯ ಬಾಗಿಲ ಬಳಿ ಮಜ್ಜಿಗೆ ಕಡೆಯುತ್ತಿದ್ದೆ. ಮಾವ ಜಗಲಿಯಲ್ಲಿ ತಟ್ಟೆಗೆ ಬಗ್ಗಿದ್ದರು.

"ಧಣಿಗಳು ಇವತ್ತು ಆಫೀಸಿಗೆ ಬಂದಿದ್ರು," ಎಂದರು ಅಪ್ಪ. ಧಣಿಗಳೆಂದರೆ ಆ ಬಸ್ಸುಗಳ ಮಾಲೀಕರು. ಈಶ್ವರಮಂಗಲದ ಕಡೆಯ ದೊಡ್ಡ ಕುಳ. ಅಪ್ಪನ ಅನ್ನ ಅವರ ಕೈಯಲ್ಲಿತ್ತು. "ನಿಮ್ಮ ಮಗಳನ್ನು ಟಿಕೆಟಿನ ಕಿಟಕಿ ಹತ್ರ ನೋಡಿದ್ದೇವೆ, ಹುಡುಗನಿಗೆ ಒಪ್ಪಿಗೆ ಉಂಟು, ಶಾಸ್ತ್ರಕ್ಕೆ ಒಂದು ಸಲ ಮನೆಗೆ ಬರ್ತೇವೆ ಅಂತ ಹೇಳಿದ್ರು. ಓದುದೆಲ್ಲ ಇನ್ನು ಬೇಡವಂತೆ."

"ದೇವರು ಕಣ್ಣುಬಿಟ್ಟ!" ಎಂದರು ಅಮ್ಮ. ಮರುಕ್ಷಣವೇ ನನ್ನ ಕಡೆ ತಿರುಗಿ, "ಕಡೆಯುದು ಯಾಕೆ ನಿಲ್ಲಿಸಿದ್ದು? ಬೆಣ್ಣೆ ಬರುದು ಬೇಡವಾ?" ಎಂದರು.

ಆ ಮನೆತನ ಹೆಣ್ಣು ನೋಡುವುದರಲ್ಲಿ ಹೆಸರುವಾಸಿ. ಸುಳ್ಯದಿಂದ ಕಡಬದವರೆಗೆ ಅವರು ಉಪ್ಪಿಟ್ಟು ತಿನ್ನದ ಮನೆಯಿಲ್ಲ. ಒಬ್ಬಳ ಬಣ್ಣ ಸಾಲದು, ಒಬ್ಬಳ ಹಲ್ಲು ಮುಂದೆ, ಇನ್ನೊಬ್ಬಳು ನಕ್ಕದ್ದು ಜಾಸ್ತಿ, ಮತ್ತೊಬ್ಬಳು ನಗಲೇ ಇಲ್ಲ! ದುಡ್ಡಿನ ಹೆಸರಿಗೆ ಜಾತಕಗಳು ತಾವಾಗಿ ಹರಿದು ಬರುತ್ತಿದ್ದವು. ಅವರು ಕೂತಲ್ಲೇ ಕೂತು ರುಚಿ ನೋಡಿ ತಳ್ಳುತ್ತಿದ್ದರು. ತಳ್ಳಿಸಿಕೊಂಡ ಹುಡುಗಿಯರ ಮನೆಯಲ್ಲಿ ಆಮೇಲೆ ಏನಾಯಿತೆಂದು ಕೇಳುವವರಿರಲಿಲ್ಲ.

"ಹುಟ್ಟುಗಾಲಿ ಜಾತಿ," ಎಂದರು ಮಾವ, ತಟ್ಟೆಯಿಂದ ತಲೆಯೆತ್ತದೆ.

"ಭಾವ, ನಿಮ್ಮ ಕಾಲಿಗೆ ಬೀಳ್ತೇನೆ," ಎಂದರು ಅಪ್ಪ. "ಅವರು ಬರುವ ದಿನ ನೀವು ಹುಳದ ಮಾತು ತೆಗೀಬಾರ್ದು. ಅವರು ಬೇಡ ಅಂತ ಹೇಳಬಹುದು. ನಾವು ಬೇಡ ಅಂತ ಹೇಳ್ಲಿಕ್ಕೆ ಉಂಟಾ?"

ಇದು ನನಗೂ ಗೊತ್ತಿತ್ತು. ನಾನು ಒಲ್ಲೆನೆಂದರೆ ಅಪ್ಪನ ಕೆಲಸಕ್ಕೆ ಕಲ್ಲು. ಆದ್ದರಿಂದ ಬಾಯಿ ಹೊಲಿದುಕೊಂಡೆ. ಮಾವ ಮಾತ್ರ, "ಆಯ್ತು ಭಾವ, ತೆಗೆಯುದಿಲ್ಲ," ಎಂದು ಸುಲಭದಲ್ಲಿ ಒಪ್ಪಿಬಿಟ್ಟರು. ಅಷ್ಟು ಸುಲಭದಲ್ಲಿ ಒಪ್ಪಿದ್ದನ್ನು ನೋಡಿಯಾದರೂ ನಮಗೆ ಅನುಮಾನ ಬರಬೇಕಿತ್ತು!

ಧಣಿಗಳು ಬರುವ ದಿನ ಬೆಳಿಗ್ಗೆಯೇ ಮಂಗಳೂರಿನಿಂದ ಮಡಕೆ ಬಂತು. ಅಮ್ಮ ಅದನ್ನು ಶನಿಯ ಹಾಗೆ ನೋಡಿ, "ಹಿಂದಿನ ಚಾವಡಿಗೆ ಇಡಿ ಅಣ್ಣ, ಅವರ ಕಣ್ಣಿಗೆ ಬೀಳುದು ಬೇಡ," ಎಂದರು. ಹಿಂದಿನ ಚಾವಡಿಯಲ್ಲೇ ಕುಡಿಯುವ ನೀರಿನ ಮಡಕೆಯೂ ಇತ್ತು. ಎರಡೂ ಒಬ್ಬನೇ ಕುಂಬಾರನ ಕೈಯವು.

ಕಾರು ಬಂದು ನಿಂತಿತು. ಧಣಿಗಳು, ಅವರ ಹೆಂಡತಿ, ಮಗ. ಧಣಿಗಳ ಹೊಟ್ಟೆ ಮೊದಲು ಮೆಟ್ಟಿಲು ಹತ್ತಿತು, ಅವರು ಆಮೇಲೆ. ಮಗ ಅಪ್ಪ ಕೆಮ್ಮಿದರೆ ತಾನೂ ಕೆಮ್ಮುವ ಪೈಕಿ. ನಾನು ಬಾಗಿಲ ಸಂದಿಯಿಂದ ನೋಡಿದೆ. ಅವನು ಒಮ್ಮೆ ತನ್ನ ಅಮ್ಮನ ಮುಖ, ಒಮ್ಮೆ ತನ್ನ ಅಪ್ಪನ ಮುಖ ನೋಡುತ್ತಿದ್ದ. ಹಲಗೆ, ಸೀಮೆಸುಣ್ಣ ಎಲ್ಲ ನನ್ನ ಕಣ್ಣೆದುರೇ ಅಳಿಸಿಹೋಯಿತು.

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಬೆಲ್ಲ, ನೀರು. ಅದಾಗದೆ ಮಾತಿಲ್ಲ, ಕಾಫಿಯಿಲ್ಲ. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು, ಚೊಂಬನ್ನು ತುಟಿಗೆ ತಾಗಿಸದೆ ಮೇಲೆತ್ತಿ ಗಂಟಲಿಗೇ ಸುರಿದುಕೊಳ್ಳಬೇಕು. ಮರ್ಯಾದಸ್ಥರು ಕುಡಿಯುವುದೇ ಹಾಗೆ. ಹುಟ್ಟುಗಾಲಿಯಾದರೆ ಮೊದಲು ರುಚಿ ನೋಡಿ ಆಮೇಲೆ ನುಂಗುತ್ತದೆ. ಎತ್ತಿ ಕುಡಿಯುವ ನಮ್ಮವರಿಗೆ ರುಚಿ ತಿಳಿಯುವಾಗ ಅರ್ಧ ಚೊಂಬು ಒಳಗೆ ಹೋಗಿರುತ್ತದೆ!

ಅಂದು ಮಾವ ಶುಭ್ರವಾದ ಪಂಚೆ ಉಟ್ಟು, "ನೀರು ನಾನು ಕೊಡ್ತೇನೆ. ಸೋದರಮಾವ ಅಲ್ವಾ, ನನ್ನ ಮರ್ಯಾದೆ," ಎಂದು ದೊಡ್ಡ ಚೊಂಬು ಎತ್ತಿಕೊಂಡು ಹಿಂದಿನ ಚಾವಡಿಗೆ ಹೋದರು. ಹುಟ್ಟಿದಂದಿನಿಂದ ಒಂದು ಕಡ್ಡಿ ಎತ್ತಿ ಆಚೆ ಇಡದ ಅಣ್ಣ ಇಷ್ಟು ಮಾಡಿದ್ದು ನೋಡಿ ಅಮ್ಮ ಬೆಲ್ಲದ ತಟ್ಟೆಗೆ ಇನ್ನೆರಡು ತುಂಡು ಹೆಚ್ಚು ಹಾಕಿದರು.

ಧಣಿಗಳು ತಮ್ಮ ಘನತೆಗೆ ತಕ್ಕ ಬೆಲ್ಲದ ತುಂಡನ್ನೇ ಆರಿಸಿದರು. ಬಾಯಿಗೆ ಹಾಕಿಕೊಂಡರು. ಚೊಂಬೆತ್ತಿ ಗಳಗಳ ಗಳಗಳ ಎಂದು ಸುರಿದುಕೊಂಡರು. ಆಮೇಲೆ ನಿಲ್ಲಿಸಿದರು. ಮುಖದಲ್ಲಿ ಏನೇನೋ ಬಂದು ಹೋಯಿತು. ಹೆಣ್ಣಿನ ಮನೆಯ ಜಗಲಿಯಲ್ಲಿ ಧಣಿಗಳಾದವರು ಉಗುಳುವುದುಂಟೇ? ಬಾಯಲ್ಲಿದ್ದದ್ದನ್ನೂ ಕಣ್ಣುಮುಚ್ಚಿ ನುಂಗಿದರು. "ನಿಮ್ಮ ಬಾವಿ ನೀರು ಸ್ವಲ್ಪ ಗಡಸು," ಎಂದಷ್ಟೇ ಹೇಳಿ ಚೊಂಬನ್ನು ಹೆಂಡತಿಯ ಕೈಗೆ ದಾಟಿಸಿದರು. ಎಂಥ ಗಂಡ ನೋಡಿ! ಆಕೆಗೆ ಅಷ್ಟೆಲ್ಲ ಘನತೆಯ ಹಂಗಿರಲಿಲ್ಲ. ಒಂದು ಗುಟುಕು ಹೋದದ್ದೇ ತಡ, ಥೂ ಎಂದು ಎದುರಿನ ಗೋಡೆಯವರೆಗೆ ಉಗಿದರು.

"ಉಪ್ಪು! ಮೀನಿನ ವಾಸನೆ! ಎಂತ ನೀರಿದು?"

ಆಗ ಮಾವ ಸೊಂಟಕ್ಕೆ ಸಿಕ್ಕಿಸಿದ್ದ ಮಸೂರ ಹಿಡಿದು ಎದ್ದರು. ಚೊಂಬಿನೊಳಗೆ ಇಣುಕಿದರು. ಎದೆ ಬಡಿದುಕೊಂಡರು.

"ಅಯ್ಯೋ, ಇದು ನನ್ನ ಸಮುದ್ರ! ಇದರಲ್ಲಿ ಬಾಣಹುಳ ಇತ್ತು! ಎಲ್ಲಿ ಹೋಯ್ತು?"

"ಹುಳವಾ?" ಎಂದರು ಧಣಿಗಳು.

"ಅಲುಗಬೇಡಿ!" ಮಾವ ಅವರ ಹೊಟ್ಟೆಯ ಎದುರು ಮಂಡಿಯೂರಿ ಕೂತು ಕಿವಿ ಇಟ್ಟರು. "ಒಂದು ಚೂರೂ ಅಲುಗಬೇಡಿ. ಅಲುಗಿದವರನ್ನೇ ಅದು ಹಿಡಿಯುದು. ಈಗ ಸರಿಯಾಗಿ ನೆನಪು ಮಾಡಿ ಹೇಳಿ ಧಣಿಗಳೇ, ನುಂಗಿದ್ದೋ, ಅಗಿದದ್ದೋ? ಮುಖ್ಯ ಉಂಟು!"

ಧಣಿಗಳು ಕಲ್ಲಾದರು. ತನ್ನ ಅಪ್ಪ ಕಲ್ಲಾದದ್ದು ನೋಡಿ ಮಗನೂ ಕಲ್ಲಾದ. ಹೊರಗೆ ಕಾರಿನ ಡ್ರೈವರನೊಬ್ಬನೇ ಕಂಬ ಹಿಡಿದುಕೊಂಡು ಕುಲುಕುತ್ತಿದ್ದ, ಅವನಿಗೆ ನಗು. ನಮ್ಮ ಅಪ್ಪ ತಲೆ ಮೇಲೆ ಕೈಹೊತ್ತು, "ಧಣಿಗಳೇ, ಕ್ಷಮಿಸಬೇಕು, ಮಡಕೆ ಅದಲುಬದಲಾಗಿದೆ, ಇವರಿಗೆ ಮೊದಲಿನಿಂದಲೂ ಸ್ವಲ್ಪ ಹೀಗೆ..." ಎಂದು ಬೇಡಿಕೊಳ್ಳುತ್ತಿದ್ದರು. ಉಪ್ಪಿಟ್ಟು ತಿನ್ನದೆ ಅವರು ಎದ್ದುಹೋದ ಮೊದಲ ಮನೆ ನಮ್ಮದು.

ಮರುದಿನ ಧಣಿಗಳು ಅಪ್ಪನನ್ನು ಕರೆಸಿಕೊಂಡರು. "ನಿಮ್ಮ ಮೇಲೆ ನಮಗೆ ಎಂತ ಬೇಜಾರೂ ಇಲ್ಲ ಏಜೆಂಟ್ರೆ. ನಿಮ್ಮ ಗ್ರಹಚಾರ. ಆದ್ರೆ ಸೋದರಮಾವನಿಗೆ ಹುಚ್ಚು ಇರುವ ಮನೆಯಿಂದ ಹೆಣ್ಣು ತರ್ಲಿಕ್ಕೆ ಆಗುದಿಲ್ಲ. ನಾಳೆ ಮಕ್ಕಳಿಗೆ ಬಂದ್ರೆ? ಮತ್ತೆ, ಇನ್ನು ಆ ಮಡಕೆ ನಮ್ಮ ಬಸ್ಸಲ್ಲಿ ಬರ್ಬಾರ್ದು!"

ಅಪ್ಪನ ಕೆಲಸ ಉಳಿಯಿತು. ನನಗೆ ಹುಚ್ಚಿನ ಮನೆಯವಳು ಎಂಬ ಹೆಸರು ಬಂತು; ಜಾತಕ ಕೇಳುವವರು ದಾರಿ ಬದಲಿಸಿದರು. ಸುಮ್ಮನೆ ಮನೆಯಲ್ಲಿ ಕೂತು ಮಾಡುವುದಾದರೂ ಏನು, ಟ್ರೈನಿಂಗಾದರೂ ಮಾಡಲಿ ಎಂದು ಅಪ್ಪ ಒಪ್ಪಿದರು. ಪೆಟ್ಟಿಗೆ ಕಟ್ಟುವಾಗ ನನಗೆ ಕುಣಿಯುವಷ್ಟು ಸಂತೋಷ. ಮನೆಯಲ್ಲಿ ಸೂತಕದ ಕಳೆ ಇದ್ದದ್ದರಿಂದ ಕುಣಿಯಲಿಲ್ಲ.

ಮಾವನಿಗೆ? ಊರಲ್ಲಿ ಹುಚ್ಚು ಮೇಷ್ಟ್ರು ಎಂಬ ಹೆಸರು ಗಟ್ಟಿಯಾಯಿತು. ಬೀದಿಯಲ್ಲಿ ನಡೆದರೆ ಮಕ್ಕಳು, "ಅಲುಗಬೇಡಿ!" ಎಂದು ಕೂಗಿ ಓಡುತ್ತಿದ್ದರು. ಅಮ್ಮ ತಿಂಗಳುಗಟ್ಟಲೆ ಅನ್ನವನ್ನು ತಟ್ಟೆಗೆ ಬಡಿದು ಹಾಕಿದರು. ಬಸ್ಸು ಬರುವ ಹೊತ್ತಿಗೆ ಮಾವ ಅಭ್ಯಾಸಬಲದಿಂದ ಎದ್ದು ಸ್ಟ್ಯಾಂಡಿಗೆ ಹೋಗಿ, ಡ್ರೈವರನ ಸೀಟಿನ ಹಿಂದೆ ಒಮ್ಮೆ ನೋಡಿ, ಕೈಬೀಸಿಕೊಂಡು ವಾಪಸಾಗುತ್ತಿದ್ದರಂತೆ. ಮಂಗಳೂರಿನ ಹಾದಿಯಲ್ಲಿದ್ದ ಆ ಬಸ್ಸುಗಳೆಲ್ಲ ಧಣಿಗಳವೇ. ಗಾಜಿನ ತಟ್ಟೆ ಒಣಗಿತು.

ಮೊದಲ ರಜೆಗೆ ಊರಿಗೆ ಹೊರಟಾಗ ನಾನು ಬಂದರಿಗೆ ಹೋದೆ. ಮಾವನ ಶಿಷ್ಯನನ್ನು ಹುಡುಕಿ, ಮುಚ್ಚಳವಿದ್ದ ಹಾಲಿನ ಪಾತ್ರೆಯಲ್ಲಿ ನೀರು ತುಂಬಿಸಿಕೊಂಡು, ಬಸ್ಸು ಹತ್ತಿ ತೊಡೆಯ ಮೇಲಿಟ್ಟುಕೊಂಡೆ. ಅದೇ ಕಂಡಕ್ಟರು. ಪಾತ್ರೆ ನೋಡಿದ, ಮೂಗರಳಿಸಿದ.

"ಎಂತದಕ್ಕ ಅದು?"

"ಪಾಯಸ," ಎಂದೆ.

"ಪಾಯಸವೇ ಇರ್ಬೇಕು. ಧಣಿಗಳು ಬರ್ಬಾರ್ದು ಅಂತ ಹೇಳಿದ್ದು ಮಡಕೆ ಮಾತ್ರ. ಇದು ಮಡಕೆ ಅಲ್ಲವಲ್ಲ." ಟಿಕೆಟು ಹರಿದು ಕೊಟ್ಟು, "ಮಾಣಿ ತಿರ್ಗುವಾಗ ಗಟ್ಟಿ ಹಿಡ್ಕೊಳ್ಳಿ," ಎಂದ.

ಮಾವ ಪಾತ್ರೆಯ ಮುಚ್ಚಳ ತೆಗೆದು ಮೂಸಿದರು. ಸ್ಲೇಟು, ತಟ್ಟೆ, ಮಸೂರ ಎಲ್ಲ ಜಗಲಿಯ ಮೇಜಿನ ಮೇಲೆ ಬಂತು. ಬಹಳ ಹೊತ್ತು ಹುಡುಕಿ, "ಒಂದು ಉಂಟು. ಜೀವ ಉಂಟು," ಎಂದರು. ನಾನು ಪಕ್ಕದಲ್ಲಿ ಕೂತೆ.

"ಮಾವ, ಆ ದಿನ ಮಡಕೆ ಅದಲುಬದಲಾದದ್ದು ನನ್ನ ಪುಣ್ಯ. ಇಲ್ಲದಿದ್ರೆ ನಾನು ಈಗ ಈಶ್ವರಮಂಗಲದಲ್ಲಿ ಇರ್ತಿದ್ದೆ."

ಮಾವ ಮಸೂರದಿಂದ ಕಣ್ಣು ತೆಗೆಯಲಿಲ್ಲ. "ಅದಲುಬದಲಾಗ್ಲಿಕ್ಕೆ ಮಡಕೆಗೆ ಕಾಲು ಉಂಟಾ?"

ನಾನು ಅವರನ್ನೇ ನೋಡಿದೆ.

"ಭಾವ ಧಣಿಗಳ ಮಾತು ತಂದ ದಿನ ನೀನು ಮಜ್ಜಿಗೆ ಕಡೀತಾ ಇದ್ದೆ," ಎಂದರು ಮಾವ. "ಶಬ್ದ ನಿಂತಿತು. ನಿನ್ನ ಅಮ್ಮ ಬೆಣ್ಣೆ ಎಂತಾಯ್ತು ಅಂತ ನೋಡಿದಳು. ನಾನು ನಿನ್ನನ್ನು ನೋಡಿದೆ. ನೀನು ಉಸಿರು ಕೂಡ ಬಿಡದೆ ಕೂತಿದ್ದೆ. ಬಾಣಹುಳ ಹತ್ತಿರ ಬಂದಾಗ ಹುಟ್ಟುಗಾಲಿ ಹಾಗೇ ನಿಲ್ಲುದು. ಎಷ್ಟು ಸಲ ನೋಡಿದ್ದೇನೆ! ತಟ್ಟೆಯಲ್ಲಿ ನನಗೆ ಎಂತ ಮಾಡ್ಲಿಕ್ಕೂ ಆಗುದಿಲ್ಲ, ನೋಡುದು ಮಾತ್ರ. ಮನೆಯಲ್ಲಿ ಒಂದು ಚೊಂಬು ಎತ್ಲಿಕ್ಕೆ ಆಗ್ತದಲ್ಲ."

"ಊರೆಲ್ಲ ಹುಚ್ಚ ಅಂತ ಹೇಳ್ತದಲ್ಲ ಮಾವ, ನಿಮ್ಮನ್ನು?"

"ಅದು ಮೊದಲೂ ಹೇಳ್ತಿತ್ತು."

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೆ. ಮನೆಮಂದಿಯಲ್ಲಿ ಯಾರಿಗೂ ಕಾಣದ ನನ್ನ ಭಯ, ಎದುರಿನ ಮಡಕೆಯೂ ಕಾಣದವರೆಂದು ನಾವೆಲ್ಲ ನಂಬಿದ್ದ ಇವರ ಕಣ್ಣಿಗೆ ಕಂಡಿತ್ತು. ಅದಕ್ಕಾಗಿ ತಮಗಿದ್ದ ಒಂದೇ ಒಂದು ಸಮುದ್ರವನ್ನು ಇವರು ಧಣಿಗಳ ಗಂಟಲಿಗೆ ಸುರಿದಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ.

"ಅಳಬೇಡ ಮಾರಾಯ್ತಿ," ಎಂದರು ಮಾವ. "ಮೇಜು ಅಲುಗ್ತದೆ."

ನಾನು ಕಣ್ಣೊರೆಸಿಕೊಂಡು ನೆಟ್ಟಗೆ ಕೂತೆ. ಮಾವ ಪೆಟ್ಟಿಗೆಯಿಂದ ಟ್ಯೂನಿಂಗ್ ಫೋರ್ಕು ತೆಗೆದರು. ಅವರು ನನ್ನ ತಲೆಯ ಕಡೆ ನೋಡುವ ಮೊದಲೇ ನಾನು ಜಡೆಯಿಂದ ಒಂದು ಕೂದಲು ಕಿತ್ತು ಅವರ ಮುಂದೆ ಹಿಡಿದೆ.